ಹೊಸ ಟ್ರ್ಯಾಕ್ಟರ್ ಮತ್ತೆ ಮತ್ತೆ ಕೆಡುತ್ತಿದೆಯಾ? ವಾರಂಟಿಯಲ್ಲೇ ಸರಿ ಮಾಡಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಜೂನ್ ಬಂತೆಂದರೆ ನನಗೆ ಒಂದೇ ತರಹದ ಫೋನುಗಳು. ಸಿಂಧನೂರು, ಕಾರಟಗಿ, ಸಿರುಗುಪ್ಪ, ಊರು ಬೇರೆ ಬೇರೆ, ಮಾತು ಮಾತ್ರ ಅದೇ. "ಅಣ್ಣಾ, ಗಾಡಿ ತಂದು ಒಂದೂವರಿ ವರ್ಷ ಆತ್ರಿ. ನಾಕ್ ಸಲ ಶೋರೂಮಿಗೆ ಒಯ್ದೀನಿ. ತಂದ ವಾರಕ್ಕ ಮತ್ತ ಅದೇ ಕಂಪ್ಲೇಂಟ್." ನಾಲ್ಕು ಸಲದ ಜಾಬ್ ಕಾರ್ಡ್, ಅಂದರೆ ರಿಪೇರಿಗೆ ಬಿಟ್ಟಾಗ ಶೋರೂಮಿನವರು ದೂರು ಬರೆದು ಕೊಡುವ ಕಾಗದ, ಇವೆಯಾ ಅಂತ ಕೇಳಿದರೆ ಆ ಕಡೆ ಸದ್ದೇ ಇರಲ್ಲ.

ನಾನೂ ಅದೇ ತಪ್ಪು ಮಾಡಿದವನು. ನಮ್ಮ ಟ್ರ್ಯಾಕ್ಟರಿನ ಲಿಫ್ಟ್, ಅಂದರೆ ಹಿಂದೆ ಕಟ್ಟಿದ ಸಾಮಾನು ಎತ್ತುವ ತೋಳು, ಬಿಸಿಯಾದ ಮೇಲೆ ಇಳಿಯುತ್ತಿತ್ತು. ಮಣ್ಣು ಪುಡಿ ಮಾಡುವ ರೊಟಾವೇಟರ್ ಎತ್ತಿ ಬದು ದಾಟಿಸುವಷ್ಟರಲ್ಲಿ ಅದು ನೆಲ ಮುಟ್ಟುತ್ತಿತ್ತು. ಮೂರು ಸಲ ಶೋರೂಮಿಗೆ ಹೋದೆ. ಕೈಯಲ್ಲಿ ಉಳಿದದ್ದು ಒಂದೇ ಕಾಗದ, ಅದರಲ್ಲೂ "ಜನರಲ್ ಚೆಕಪ್" ಅಂತ ಬರೆದಿತ್ತು. ಅಂದರೆ ಕಂಪನಿಯ ಲೆಕ್ಕದಲ್ಲಿ ನನ್ನ ಗಾಡಿಯ ಲಿಫ್ಟ್ ಒಂದು ಸಲವೂ ಕೆಟ್ಟಿರಲಿಲ್ಲ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಬಹಳ ಜನ ಕೊನೆಯ ಹಂತದಿಂದ ಶುರು ಮಾಡುತ್ತಾರೆ. ಶೋರೂಮ್ ಮುಂದೆ ಜಗಳ ತೆಗೆಯುತ್ತಾರೆ, ಮೊಬೈಲಿನಲ್ಲಿ ವಿಡಿಯೊ ಬಿಡುತ್ತಾರೆ, ವಕೀಲರ ಹತ್ತಿರ ಓಡುತ್ತಾರೆ. ಕೆಳಗಿನ ಮೆಟ್ಟಿಲೇ ಇಲ್ಲದಿದ್ದರೆ ಮೇಲಿನದಕ್ಕೆ ಹತ್ತುವುದು ಹೇಗೆ?

## ಮೊದಲು ಹೊಂದಿಸಿಕೊಳ್ಳಬೇಕಾದ ಸಾಮಾನು

ಒಂದು ಫೈಲ್ ತಗೊಳ್ಳಿ. ಖರೀದಿ ಬಿಲ್ಲು, ಆರ್‌ಸಿ, ವಾರಂಟಿ ಪುಸ್ತಕ, ಸರ್ವೀಸ್ ಕೂಪನ್, ಇಲ್ಲಿಯವರೆಗೆ ಸಿಕ್ಕ ಎಲ್ಲ ಬಿಲ್ಲು ಅದರೊಳಗೆ ಹೋಗಲಿ. ಸೀಟಿನ ಕೆಳಗೆ, ಗ್ರೀಸ್ ಡಬ್ಬದ ಜೊತೆ ಇಡಬೇಡಿ. ಮನೆಯಲ್ಲಿ ಇಡಿ. ಎಲ್ಲದರ ಫೋಟೊ ಮೊಬೈಲಿನಲ್ಲಿರಲಿ.

ಇನ್ನು ಬೇಕಾದದ್ದು ಅಳತೆಯ ಟೇಪು, ಒಂದು ಸೀಮೆಸುಣ್ಣ, ಆಯಿಲ್ ಸ್ಯಾಂಪಲ್ ಹಿಡಿಯಲು ಎರಡು ತೊಳೆದ ಪ್ಲಾಸ್ಟಿಕ್ ಬಾಟಲಿ, ಹತ್ತು ರೂಪಾಯಿಯ ನೋಟ್‌ಬುಕ್. ಈ ನೋಟ್‌ಬುಕ್ಕೇ ಮುಂದೆ ನಿಮ್ಮ ಸಾಕ್ಷಿ.

## ಹಂತ 1: ವಾರಂಟಿ ಪುಸ್ತಕ ಓದಿ, ಮೂರು ಸಾಲಿಗೆ ಗೆರೆ ಹಾಕಿ

ಮಾರುವಾಗ "ಐದು ವರ್ಷ ವಾರಂಟಿ ಐತ್ರಿ" ಅಂದಿರುತ್ತಾರೆ. ಪುಸ್ತಕದಲ್ಲಿ ಅದರ ಪಕ್ಕದಲ್ಲೇ ಗಾಡಿ ಓಡಿದ ಗಂಟೆಯ ಲೆಕ್ಕ ಇರುತ್ತದೆ. ವರ್ಷ ಅಥವಾ ಗಂಟೆ, ಯಾವುದು ಮೊದಲು ಮುಗಿಯುತ್ತೋ ಅದು. ಬಾಡಿಗೆಗೂ ಓಡಿಸುವವರ ಗಾಡಿಯಲ್ಲಿ ಗಂಟೆಯೇ ಮೊದಲು ಮುಗಿಯುವುದು. ಹಾಗಾಗಿ ಇವತ್ತಿನ ಅವರ್ ಮೀಟರ್ ನೋಡಿ, ಇನ್ನೆಷ್ಟು ಗಂಟೆ ಉಳಿದಿದೆ ಅಂತ ಪುಸ್ತಕದ ಮೇಲೆ ಬರೆದಿಡಿ.

ಎರಡನೇ ಸಾಲು, ಪೂರ್ತಿ ಅವಧಿಗೆ ಯಾವ ಭಾಗ ಸೇರುತ್ತದೆ ಅನ್ನುವುದು. ಕೆಲವು ಕಂಪನಿಗಳಲ್ಲಿ ಮೊದಲ ವರ್ಷಗಳು ಇಡೀ ಗಾಡಿಗೆ, ಉಳಿದ ವರ್ಷಗಳು ಇಂಜಿನ್ ಮತ್ತು ಗೇರ್ ಬಾಕ್ಸಿಗೆ ಮಾತ್ರ.

ಮೂರನೇ ಸಾಲನ್ನು ಯಾರೂ ಓದಲ್ಲ. ಟೈರ್, ಬ್ಯಾಟರಿ, ಡೀಸೆಲ್ ಪಂಪ್, ಸ್ಟಾರ್ಟರ್ ಇವನ್ನು ಟ್ರ್ಯಾಕ್ಟರ್ ಕಂಪನಿ ತಯಾರಿಸಿರಲ್ಲ. ಇವುಗಳ ವಾರಂಟಿ ಸಾಮಾನ್ಯವಾಗಿ ಆಯಾ ತಯಾರಕರದ್ದು. ಪಂಪ್ ಕೆಟ್ಟರೆ ಡೀಲರ್ ಅದನ್ನು ಬಿಚ್ಚಿ ಪಂಪ್ ಕಂಪನಿಯ ಸರ್ವೀಸ್ ಸೆಂಟರಿಗೆ ಕಳಿಸುತ್ತಾನೆ. ಅಲ್ಲಿಂದ ಬರುವ ವರದಿಯ ಪ್ರತಿ ನಿಮಗೂ ಬೇಕು ಅಂತ ಮೊದಲೇ ಹೇಳಿಡಿ.

## ಹಂತ 2: ನಿಮ್ಮ ಕಡೆಯ ತೂತು ಮುಚ್ಚಿ

ವಾರಂಟಿ ತಿರಸ್ಕರಿಸಲು ಕಾರಣ ಹುಡುಕುವುದು ಕಷ್ಟವೇನಲ್ಲ, ನಮ್ಮ ಕಡೆ ನಾವೇ ಅದನ್ನು ಕೊಟ್ಟಿರುತ್ತೇವೆ. ಶೋರೂಮಿಗೆ ಹೋಗುವ ಮುಂಚೆ ಈ ನಾಲ್ಕನ್ನು ನೋಡಿಕೊಳ್ಳಿ.

ಸರ್ವೀಸ್ ತಪ್ಪಿಸಿದ್ದೀರಾ? ಮೊದಲ ಸರ್ವೀಸ್ ಬಹಳ ಗಾಡಿಗಳಲ್ಲಿ 50 ಗಂಟೆಯ ಆಸುಪಾಸು ಬರುತ್ತದೆ. ಹೊಸ ಗಾಡಿ, ನಾಟಿಯ ಹಂಗಾಮು, ಹಗಲು ರಾತ್ರಿ ಕೆಸರು. 50 ಗಂಟೆ ವಾರದೊಳಗೇ ಮುಗಿದಿರುತ್ತದೆ. ನೆನಪಾಗುವಷ್ಟರಲ್ಲಿ ಮೀಟರ್ 140 ತೋರಿಸುತ್ತದೆ. ತಪ್ಪಿದ್ದರೆ ಮುಚ್ಚಿಡಬೇಡಿ, ಮುಂದಿನದನ್ನಾದರೂ ಸಮಯಕ್ಕೆ ಮಾಡಿಸಿ. ಒಂದು ಸರ್ವೀಸ್ ತಡವಾಗಿದ್ದಕ್ಕೂ ಲಿಫ್ಟಿನ ಆಯಿಲ್ ಸೋರದಂತೆ ತಡೆಯುವ ಸೀಲಿಗೂ ಸಂಬಂಧ ಏನು ಅಂತ ಆಮೇಲೆ ಕೇಳಬಹುದು. ಒಂದೂ ಮಾಡಿಸದಿದ್ದರೆ ಆ ಪ್ರಶ್ನೆ ಕೇಳುವ ಬಾಯಿ ಇರಲ್ಲ.

ಡೀಸೆಲ್ ಪಂಪಿಗೆ ಕಂಪನಿ ಹಾಕಿದ ಸೀಲ್ ಕಿತ್ತಿದ್ದೀರಾ? ನಮ್ಮ ಕಡೆ ಇದು ದೊಡ್ಡ ರೋಗ. "ಪಂಪ್ ಸ್ವಲ್ಪ ಏರಿಸಿದ್ರೆ ಎಳೆತ ಬರ್ತೈತ್ರಿ" ಅಂತ ರಸ್ತೆ ಪಕ್ಕದ ಮೇಸ್ತ್ರಿ ಸೀಲ್ ಕಿತ್ತು ಸ್ಕ್ರೂ ತಿರುಗಿಸಿಬಿಡುತ್ತಾನೆ. ಕರಿ ಹೊಗೆ ಜಾಸ್ತಿಯಾಗುತ್ತದೆ, ಇಂಜಿನ್ ಕಾಯುತ್ತದೆ. ಆಮೇಲೆ ಇಂಜಿನ್ನಿನ ಯಾವ ದೋಷಕ್ಕೂ ವಾರಂಟಿ ಕೇಳಲು ಆಗಲ್ಲ. ಈ ವಿಷಯದಲ್ಲಿ ನಾನು ಕಂಪನಿಯ ಪರ.

ಗಾಡಿಯ ತಾಕತ್ತಿಗೆ ಮೀರಿದ ಸಾಮಾನು ಕಟ್ಟಿದ್ದೀರಾ? 40 ಎಚ್‌ಪಿ ಗಾಡಿಗೆ ಏಳು ಅಡಿ ರೊಟಾವೇಟರ್ ಕಟ್ಟಿ ಎರೆ ಹೊಲಕ್ಕೆ ಇಳಿಸಿದರೆ ಕ್ಲಚ್ಚೂ ಹೋಗುತ್ತದೆ, ರೊಟಾವೇಟರ್ ತಿರುಗಿಸುವ ಪಿಟಿಒ ಶಾಫ್ಟೂ ಹೋಗುತ್ತದೆ. ಕೆಸರಿಗೆ ಹಾಕುವ ಕಬ್ಬಿಣದ ಗಾಲಿಗೂ ಇದೇ ಮಾತು. ಯಾವ ಅಳತೆಯದನ್ನು ಹಾಕಬಹುದು ಅಂತ ಡೀಲರ್ ಹತ್ತಿರ ಬರೆಸಿಕೊಂಡರೆ ಆಮೇಲೆ ಆಕ್ಸಲ್ ಸೀಲಿನ ತಂಟೆ ಬಂದಾಗ ಉಪಯೋಗಕ್ಕೆ ಬರುತ್ತದೆ.

ಕೊನೆಯದು ಡೀಸೆಲ್ ಮತ್ತು ಆಯಿಲ್. ಕಾಲುವೆ ದಂಡೆಯಲ್ಲಿ ಬ್ಯಾರಲ್ ಇಟ್ಟು ಡೀಸೆಲ್ ತುಂಬಿಸುವವರಿಗೆ "ಡೀಸೆಲ್‌ನಲ್ಲಿ ನೀರಿತ್ತು" ಅನ್ನುವ ಉತ್ತರ ಬಂದೇ ಬರುತ್ತದೆ. ಬಂಕ್ ಬಿಲ್ಲು ಇಟ್ಟುಕೊಳ್ಳಿ, ಫಿಲ್ಟರ್ ಕೆಳಗಿನ ನೀರನ್ನು ತಪ್ಪದೆ ಬಿಡಿ. ಆಯಿಲ್ ಪುಸ್ತಕದಲ್ಲಿ ಹೇಳಿದ ಗ್ರೇಡಿನದೇ ಇರಲಿ, ಬಿಲ್ಲು ಸಹಿತ.

## ಹಂತ 3: ದೋಷವನ್ನು ಅಳೆಯಿರಿ

"ಲಿಫ್ಟ್ ಸರಿ ಇಲ್ಲ" ಅನ್ನುವುದು ದೂರು ಅಲ್ಲ, ಬೇಸರ. "ಎರಡು ಗಂಟೆ ರೊಟಾವೇಟರ್ ಹೊಡೆದ ಮೇಲೆ ಇಂಜಿನ್ ಬಂದ್ ಮಾಡಿದರೆ ಹತ್ತು ನಿಮಿಷದಲ್ಲಿ ಲಿಫ್ಟ್ ಒಂದೂವರೆ ಅಡಿ ಇಳಿಯುತ್ತದೆ" ಅನ್ನುವುದು ದೂರು. ಮೊದಲನೆಯದನ್ನು ಯಾವ ಮೆಕ್ಯಾನಿಕ್ಕೂ ಸರಿ ಮಾಡಲಾರ. ಎರಡನೆಯದನ್ನು ಅಲ್ಲಗಳೆಯಲಾರ.

ಲಿಫ್ಟ್ ಅಳೆಯುವುದು ಹೀಗೆ. ಗಾಡಿ ಕೆಲಸ ಮಾಡಿ ಚೆನ್ನಾಗಿ ಬಿಸಿಯಾಗಿರಬೇಕು. ತಂಪಿದ್ದಾಗ ಆಯಿಲ್ ಗಟ್ಟಿ ಇರುತ್ತದೆ, ಸೋರಿಕೆ ಕಾಣಲ್ಲ. ಶೋರೂಮಿನಲ್ಲಿ ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ನೋಡಿ "ಎಲ್ಲಾ ಓಕೆ ಐತ್ರಿ" ಅನ್ನುವುದು ಇದೇ ಕಾರಣಕ್ಕೆ. ಸಮ ನೆಲದಲ್ಲಿ ರೊಟಾವೇಟರನ್ನು ಪೂರ್ತಿ ಎತ್ತಿ, ಇಂಜಿನ್ ಬಂದ್ ಮಾಡಿ, ನೆಲದಿಂದ ಎತ್ತರ ಅಳೆಯಿರಿ. ಐದೈದು ನಿಮಿಷಕ್ಕೊಮ್ಮೆ ಅರ್ಧ ಗಂಟೆ ಬರೆದುಕೊಳ್ಳಿ. ಎತ್ತಿದ ರೊಟಾವೇಟರಿನ ಕೆಳಗೆ ಕೈಕಾಲು ಹಾಕಬೇಡಿ, ಮಕ್ಕಳನ್ನು ದೂರ ಇಡಿ.

ಅರ್ಧ ಗಂಟೆ ಅನ್ನುವುದು ನನ್ನ ಲೆಕ್ಕ ಅಲ್ಲ. ಮಧ್ಯಪ್ರದೇಶದ ಬುಧ್ನಿಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ. ಅಲ್ಲಿ ಟ್ರ್ಯಾಕ್ಟರುಗಳ ಲಿಫ್ಟನ್ನು ಭಾರ ಹೊರಿಸಿ ಇದೇ ರೀತಿ 30 ನಿಮಿಷ ನಿಲ್ಲಿಸಿ ನೋಡುತ್ತಾರೆ. ನಿಮ್ಮ ಮಾದರಿಯ ಪರೀಕ್ಷಾ ವರದಿ ಸಿಕ್ಕರೆ ಲಿಫ್ಟ್ ಎಷ್ಟು ಎತ್ತಬೇಕು, ಪಿಟಿಒ ಎಷ್ಟು ಎಚ್‌ಪಿ ಕೊಡಬೇಕು, ಗಂಟೆಗೆ ಎಷ್ಟು ಡೀಸೆಲ್ ಅಂತ ಅದರಲ್ಲೇ ಇರುತ್ತದೆ. ಕಂಪನಿಯ ಬಣ್ಣದ ಪುಸ್ತಕಕ್ಕಿಂತ ಅದು ಮೇಲು.

ಬೇರೆ ದೋಷಗಳಿಗೆ ಏನು ನೋಡಬೇಕು ಅಂತ ಚುಟುಕಾಗಿ ಹೇಳುತ್ತೇನೆ. ಗೇರ್ ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಬಾಟಲಿಯಲ್ಲಿ ಹಿಡಿದು, ತಾರೀಖು ಮತ್ತು ಗಂಟೆ ಬರೆದು ಅಂಟಿಸಿ. ಇಂಜಿನ್ ಆಯಿಲ್ ಕಮ್ಮಿಯಾಗುವುದು ಎಲ್ಲರಿಗೂ ಗೊತ್ತಾಗುತ್ತದೆ. ಕಡ್ಡಿಯಲ್ಲಿ ಮಟ್ಟ ಏರುತ್ತಿದ್ದರೆ ಮಾತ್ರ ಯಾರೂ ಹೆದರಲ್ಲ. ಹೆದರಬೇಕು. ಡೀಸೆಲ್ಲೋ ರೇಡಿಯೇಟರ್ ನೀರೋ ಒಳಗೆ ಇಳಿಯುತ್ತಿದೆ ಅಂತ ಅರ್ಥ. ಆ ಕ್ಷಣವೇ ಓಡಿಸುವುದು ನಿಲ್ಲಿಸಿ.

ಕ್ಲಚ್ ಪ್ಲೇಟ್ ಪದೇ ಪದೇ ಸುಟ್ಟರೆ "ಅದು ಸವೆಯುವ ಸಾಮಾನು, ವಾರಂಟಿ ಇಲ್ಲ" ಅನ್ನುತ್ತಾರೆ. ಮಾತು ನಿಜವೇ. ಆದರೆ ಬಿಚ್ಚಿದಾಗ ನೀವು ಅಲ್ಲಿರಬೇಕು. ಪ್ಲೇಟಿನ ಮೇಲೆ ಆಯಿಲ್ ಇದ್ದರೆ ಇಂಜಿನ್ ಹಿಂದಿನ ಸೀಲೋ ಗೇರ್ ಬಾಕ್ಸಿನ ಸೀಲೋ ಸೋರುತ್ತಿದೆ. ಆಗ ಪ್ಲೇಟ್ ಸವೆದದ್ದಲ್ಲ, ಸೀಲ್ ಅದನ್ನು ಕೊಂದದ್ದು. ಫೋಟೊ ತೆಗೆಯಿರಿ, ಸೀಲಿನ ದೂರು ಬರೆಸಿ.

ವಿಡಿಯೊ ಮಾಡುವುದಾದರೆ ನಡುವೆ ನಿಲ್ಲಿಸಬೇಡಿ. ಮೊದಲು ಚಾಸಿ ನಂಬರ್, ಆಮೇಲೆ ಅವರ್ ಮೀಟರ್, ಆಮೇಲೆ ದೋಷ, ಒಂದೇ ಓಟದಲ್ಲಿ. ಬರೀ ಹೊಗೆಯ ವಿಡಿಯೊ ಯಾವ ಗಾಡಿಯದ್ದೂ ಆಗಬಹುದು ಅಲ್ವಾ?

ಹೊಸ ದೊಡ್ಡ ಗಾಡಿ ಇದ್ದವರಿಗೆ ಒಂದು ಮಾತು. 2023ರ ಜನವರಿಯಿಂದ 50 ಎಚ್‌ಪಿ ಮೀರಿದ ಟ್ರ್ಯಾಕ್ಟರುಗಳಿಗೆ ಟ್ರೆಮ್ 4 ಹೊಗೆ ನಿಯಮ ಬಂದಿದೆ. ಇವುಗಳಲ್ಲಿ ಡೀಸೆಲ್ ಎಷ್ಟು ಹೋಗಬೇಕು ಅನ್ನುವುದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ದೋಷ ಬಂದಾಗ ಅದರಲ್ಲಿ ಎರರ್ ಕೋಡ್ ಕೂರುತ್ತದೆ. ಮೆಕ್ಯಾನಿಕ್ ಸ್ಕ್ಯಾನರ್ ಹಚ್ಚಿದಾಗ, ಕೋಡ್ ಅಳಿಸುವ ಮುಂಚೆ, ಪರದೆಯ ಫೋಟೊ ತಗೊಳ್ಳಿ.

## ಹಂತ 4: ಜಾಬ್ ಕಾರ್ಡ್ ಇಲ್ಲದೆ ಕೀಲಿ ಕೊಡಬೇಡಿ

ಎಲ್ಲರೂ ಸೋಲುವುದು ಇಲ್ಲೇ. ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಶೋರೂಮಿಗೆ ಹೋದಾಗ ಚಹಾ ಬರುತ್ತದೆ. "ಬಿಟ್ಟು ಹೋಗ್ರಿ ಅಣ್ಣಾರ, ಸಂಜಿಗೆ ರೆಡಿ ಇಟ್ಟಿರ್ತೀವಿ" ಅನ್ನುತ್ತಾರೆ. ಪರಿಚಯದ ಹುಡುಗ, ನಮ್ಮೂರ ಅಳಿಯ, ಕಾಗದ ಕೇಳಲು ಸಂಕೋಚ. ಸಂಜೆ ಹೋದರೆ ಗಾಡಿ ಸಿಗುತ್ತದೆ, ದುಡ್ಡೂ ಕೇಳಲ್ಲ. ಪುಕ್ಕಟೆ ಆಯಿತಲ್ಲ ಅಂತ ಖುಷಿಯಲ್ಲಿ ಬರುತ್ತೀರಿ. ಆ ಪುಕ್ಕಟೆ ರಿಪೇರಿ ಎಲ್ಲೂ ದಾಖಲಾಗಿಲ್ಲ.

ಡೀಲರ್ ಹೀಗೆ ಮಾಡಲು ಒಂದು ಕಾರಣ ಇದೆ. ವಾರಂಟಿ ಕೊಡುವುದು ಕಂಪನಿ. ಡೀಲರ್ ಮೊದಲು ಕೆಲಸ ಮಾಡಿ, ಕೆಟ್ಟ ಸಾಮಾನಿನ ಫೋಟೊ ಮತ್ತು ವಿವರ ಕಳಿಸಿ, ಆಮೇಲೆ ಕಂಪನಿಯಿಂದ ಹಣ ಪಡೆಯಬೇಕು. ಕಂಪನಿ ಒಪ್ಪದಿದ್ದರೆ ಖರ್ಚು ಅವನ ತಲೆಗೆ. ಆದ್ದರಿಂದ ಅವನು ದೊಡ್ಡ ಸಾಮಾನು ಬದಲಿಸುವ ಬದಲು ಆಯಿಲ್ ತುಂಬಿಸಿ, ನಟ್ಟು ಬಿಗಿ ಮಾಡಿ ಕಳಿಸುತ್ತಾನೆ. ಅವನನ್ನು ವೈರಿ ಅಂತ ನೋಡಬೇಡಿ. ಕಂಪನಿಯ ಮುಂದೆ ಅವನಿಗೆ ಬೇಕಾದ ಪುರಾವೆಯನ್ನು ನೀವೇ ಕೈಗೆ ಕೊಟ್ಟರೆ ಅರ್ಧ ಕೆಲಸ ಅವನೇ ಮಾಡಿಕೊಡುತ್ತಾನೆ.

ಜಾಬ್ ಕಾರ್ಡಿನಲ್ಲಿ ತಾರೀಖು, ಅವರ್ ಮೀಟರ್, ಚಾಸಿ ನಂಬರ್ ಇರಬೇಕು. ಇವೆಲ್ಲ ಹೇಗಿದ್ದರೂ ಬರೆಯುತ್ತಾರೆ. ಗಲಾಟೆ ಇರುವುದು "ಗ್ರಾಹಕರ ದೂರು" ಅನ್ನುವ ಜಾಗದಲ್ಲಿ. ಅಲ್ಲಿ ನಿಮ್ಮ ಮಾತು ಬರಬೇಕು, ಅವರದ್ದಲ್ಲ. ಹಂತ 3ರಲ್ಲಿ ಅಳೆದದ್ದನ್ನು ಚೀಟಿಯಲ್ಲಿ ಬರೆದು ಒಯ್ಯಿರಿ, ಅದನ್ನೇ ಬರೆಯಲು ಹೇಳಿ. ಎರಡನೇ ಸಲ ಹೋದಾಗ ಇಷ್ಟು ಸೇರಿಸಿ: "ಇದೇ ದೂರಿಗೆ ಈ ತಾರೀಖಿನಂದು, ಈ ನಂಬರಿನ ಜಾಬ್ ಕಾರ್ಡಿನಲ್ಲಿ ರಿಪೇರಿ ಆಗಿತ್ತು." ಈ ಒಂದು ಸಾಲಿನಿಂದಲೇ ಬಿಡಿ ರಿಪೇರಿಗಳು ಒಂದೇ ದೋಷದ ಸರಪಳಿ ಆಗುತ್ತವೆ.

ದೂರಿನ ಮಾತು ಪ್ರತಿ ಸಲ ಒಂದೇ ಇರಲಿ. ಒಮ್ಮೆ "ಲಿಫ್ಟ್ ಇಳಿಯುತ್ತದೆ", ಇನ್ನೊಮ್ಮೆ "ಹೈಡ್ರಾಲಿಕ್ ಪ್ರಾಬ್ಲಂ", ಮತ್ತೊಮ್ಮೆ "ಎತ್ತುತ್ತಿಲ್ಲ" ಅಂತ ಬರೆಸಿದರೆ ಕಂಪನಿಯ ಕಣ್ಣಿಗೆ ಅವು ಮೂರು ಬೇರೆ ದೋಷಗಳು.

ಕಂಪ್ಯೂಟರ್ ಇಲ್ಲ, ಬಿಲ್ಲಿಂಗ್ ಹುಡುಗಿ ರಜೆ, ಕರೆಂಟ್ ಹೋಗಿದೆ ಅಂತ ಹೇಳಿದರೆ ಜಗಳ ಬೇಡ. ಬಿಳಿ ಹಾಳೆಯಲ್ಲಿ ನೀವೇ ಬರೆದು, "ಗಾಡಿ ಸ್ವೀಕರಿಸಿದೆ" ಅಂತ ಸೀಲು ಸಹಿ ಹಾಕಿಸಿಕೊಳ್ಳಿ. ಅದೂ ಇಲ್ಲ ಅಂದರೆ ಅಲ್ಲೇ ನಿಂತು ಶೋರೂಮಿನ ವಾಟ್ಸಾಪಿಗೆ ಅದೇ ಮಾತು ಕಳಿಸಿ: ಇವತ್ತು ಇಷ್ಟು ಗಂಟೆಗೆ, ಈ ದೂರಿಗೆ, ಗಾಡಿ ಬಿಟ್ಟಿದ್ದೇನೆ. ಜೊತೆಗೆ ಮೀಟರಿನ ಫೋಟೊ.

ಕಾಲದ ಬಗ್ಗೆ ಒಂದು ಸಲಹೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಡುವ ಹೊತ್ತಿಗೆ, ಅಂದರೆ ಜುಲೈ ಸುತ್ತಮುತ್ತ, ಎಲ್ಲ ಶೋರೂಮುಗಳ ಅಂಗಳ ತುಂಬಿರುತ್ತದೆ. ಆಗ ಹೋದರೆ ತೇಪೆ ಹಚ್ಚಿ ಕಳಿಸುತ್ತಾರೆ. ಬೇಸಿಗೆಯ ಬೆಳೆ ಕೊಯ್ದು ಹೊಲ ಬಿಡುವಾದ ಮೇ ತಿಂಗಳಲ್ಲಿ ಒಯ್ಯಿರಿ. ಮೆಕ್ಯಾನಿಕ್ಕಿಗೂ ಪುರುಸೊತ್ತು, ನಿಮಗೂ.

## ಹಂತ 5: ಗಾಡಿ ವಾಪಸ್ ತರುವಾಗ

"ಕೆಲಸ ತೃಪ್ತಿಯಾಗಿದೆ" ಅನ್ನುವ ಜಾಗದಲ್ಲಿ ಕಣ್ಣು ಮುಚ್ಚಿ ಸಹಿ ಹಾಕುವುದು ಎರಡನೇ ದೊಡ್ಡ ತಪ್ಪು. ಬಿಸಿಯಾದಾಗ ಬರುವ ದೋಷವನ್ನು ಶೋರೂಮ್ ಅಂಗಳದಲ್ಲಿ ಪರೀಕ್ಷೆ ಮಾಡಲು ಆಗಲ್ಲ. ಸಹಿಯ ಪಕ್ಕ ಇಷ್ಟು ಬರೆಯಿರಿ: "ಹೊಲದಲ್ಲಿ ಓಡಿಸಿ ನೋಡಿದ ಮೇಲೆ ತಿಳಿಸುತ್ತೇನೆ."

ಏನು ಬದಲಿಸಿದರು ಅನ್ನುವುದು ಬಿಲ್ಲಿನಲ್ಲಿ ಬರಲಿ, ಮೊತ್ತ ಸೊನ್ನೆ ಇದ್ದರೂ ಸರಿ. ಹಳೆಯ ಸಾಮಾನನ್ನು ಕೇಳಬೇಡಿ. ವಾರಂಟಿಯಲ್ಲಿ ಬದಲಿಸಿದ್ದು ಸಾಮಾನ್ಯವಾಗಿ ಕಂಪನಿಗೆ ಹೋಗುತ್ತದೆ. ಅದರ ಫೋಟೊ ತೆಗೆದುಕೊಳ್ಳಿ, ಸಾಕು.

ಇನ್ನೊಂದು ತಿಳಿದಿರಲಿ. ಬದಲಿಸಿದ ಸಾಮಾನಿಗೆ ಹೊಸ ವಾರಂಟಿ ಶುರುವಾಗುತ್ತದೆ ಅಂತ ನಂಬಿಕೊಂಡಿರುತ್ತಾರೆ. ಹೆಚ್ಚಿನ ಪುಸ್ತಕಗಳಲ್ಲಿ ಹಾಗಿಲ್ಲ. ಗಾಡಿಯ ಉಳಿದ ಅವಧಿಯೇ ಅದಕ್ಕೂ. ಶೋರೂಮಿನಲ್ಲಿ ನಿಂತ ದಿನಗಳನ್ನೂ ಯಾರೂ ತಾವಾಗಿ ಸೇರಿಸಿಕೊಡಲ್ಲ. ವಾರಂಟಿ ಮುಗಿಯುವ ಮುಂಚೆ ದೋಷ ಒಮ್ಮೆಯಾದರೂ ಕಾಗದಕ್ಕೆ ಬಂದಿರಬೇಕು ಅನ್ನುವುದು ಅದಕ್ಕೇ.

## ಹಂತ 6: ಎರಡನೇ ಸಲ ಕೆಟ್ಟರೆ ಕಂಪನಿಗೆ ನೇರವಾಗಿ

ಒಂದು ಸಲ ಸರಿಯಾಗದಿದ್ದರೆ ಡೀಲರಿಗೆ ಇನ್ನೊಂದು ಅವಕಾಶ ಕೊಡಿ. ಎರಡನೇ ಸಲವೂ ಅದೇ ಆದರೆ ಮೂರನೆಯದಕ್ಕೆ ಸುಮ್ನೆ ಒಯ್ಯಬೇಡಿ. ಕಂಪನಿಯ ಟೋಲ್ ಫ್ರೀ ನಂಬರಿಗೆ ಫೋನ್ ಮಾಡಿ, ದೂರಿನ ನಂಬರ್ ತಗೊಳ್ಳಿ. ಕನ್ನಡದಲ್ಲೇ ಮಾತಾಡಿ. ಫೋನ್ ಇಟ್ಟ ಮೇಲೆ ಕಂಪನಿಯ ಗ್ರಾಹಕ ಸೇವೆಯ ಇಮೇಲಿಗೆ ಅರ್ಧ ಪುಟ ಬರೆಯಿರಿ, ಮಗನೋ ಮಗಳೋ ಬರೆದುಕೊಟ್ಟರೂ ಆದೀತು. ಚಾಸಿ ನಂಬರ್, ಖರೀದಿ ತಾರೀಖು, ಈಗಿನ ಗಂಟೆ, ದೋಷ ಏನು, ಯಾವ ಯಾವ ದಿನ ಶೋರೂಮಿಗೆ ಹೋಗಿತ್ತು, ಏನು ಮಾಡಿದರು. ಕೊನೆಗೆ ಒಂದೇ ಬೇಡಿಕೆ: ಕಂಪನಿಯ ಸರ್ವೀಸ್ ಇಂಜಿನಿಯರ್ ಬಂದು ನೋಡಲಿ.

ಬೈಗುಳ ಬೇಡ, ನಷ್ಟದ ಕಥೆಯೂ ಈಗಲೇ ಬೇಡ. ಇಮೇಲ್ ಓದುವವನು ಬೆಂಗಳೂರಿನಲ್ಲೋ ಚೆನ್ನೈನಲ್ಲೋ ಕೂತಿರುತ್ತಾನೆ. ಅವನಿಗೆ ಬೇಕಿರುವುದು ತಾರೀಖುಗಳು.

ಗಾಡಿ ಕೊಟ್ಟ ಡೀಲರ್ ಕೈ ಚೆಲ್ಲಿದ್ದರೆ ಅದೇ ಕಂಪನಿಯ ಬೇರೆ ಅಧಿಕೃತ ಡೀಲರ್ ಹತ್ತಿರ ಒಯ್ಯಬಹುದಾ ಅಂತ ಇದೇ ಇಮೇಲಿನಲ್ಲಿ ಕೇಳಿ. ಸಾಮಾನ್ಯವಾಗಿ ಆಗುತ್ತದೆ. ಗಂಗಾವತಿಯಲ್ಲಿ ಆಗದ್ದು ರಾಯಚೂರಿನಲ್ಲಿ ಒಂದೇ ದಿನದಲ್ಲಿ ಆದದ್ದನ್ನು ನೋಡಿದ್ದೇನೆ.

ಈ ನಡುವೆ ಹೊರಗಿನ ಮೇಸ್ತ್ರಿಗೆ ಬಿಚ್ಚಲು ಕೊಡಬೇಡಿ. ನಾಟಿ ನಿಂತಿದೆ, ಆಳು ಕಾಯುತ್ತಿದ್ದಾರೆ, ಗೊತ್ತು. ಆದರೂ ಬೇಡ. ಅವನು ಒಂದು ಬೋಲ್ಟ್ ಬಿಚ್ಚಿದ ಗುರುತು ಕಂಡರೂ ಇಲ್ಲಿಯವರೆಗೆ ಕೂಡಿಟ್ಟ ಕಾಗದವೆಲ್ಲ ಬೆಲೆ ಕಳೆದುಕೊಳ್ಳುತ್ತದೆ. ಬಾಡಿಗೆ ಗಾಡಿ ತಂದು ಕೆಲಸ ಮುಗಿಸಿ. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಿಂದ ತಂದರೆ ರಸೀದಿ ಸಿಗುತ್ತದೆ, ಅದು ನಿಮ್ಮ ನಷ್ಟದ ಪುರಾವೆ. ಪಕ್ಕದ ಹೊಲದವನ ಗಾಡಿಯಾದರೆ ದುಡ್ಡನ್ನು ಫೋನ್‌ಪೇ ಮಾಡಿ, "ಬಾಡಿಗೆ" ಅಂತ ಬರೆದು.

## ಹಂತ 7: ಇಂಜಿನಿಯರ್ ಬಂದ ದಿನ

ಗಾಡಿಯನ್ನು ಹೊಲದಲ್ಲೇ ತೋರಿಸಿ, ಕೆಲಸದ ಸಾಮಾನು ಕಟ್ಟಿಕೊಂಡೇ. ಇಂಜಿನಿಯರ್ ಬರುವ ಎರಡು ಗಂಟೆ ಮುಂಚೆ ಓಡಿಸಲು ಶುರು ಮಾಡಿ. ತಂಪು ಗಾಡಿ ತೋರಿಸಿದರೆ ಹಬ್ಬದ ದಿನ ಜ್ವರ ಇಳಿದ ಮಗುವಿನ ಹಾಗೆ, ಏನೂ ಕಾಣಲ್ಲ. ರೇಡಿಯೇಟರ್ ಜಾಳಿಗೆಯ ಹೊಟ್ಟು, ಧೂಳು ಮೊದಲೇ ತೆಗೆದಿಡಿ. ಇಲ್ಲದಿದ್ದರೆ ಇಂಜಿನ್ ಕಾಯುವುದಕ್ಕೆ ಕಾರಣ ಅಲ್ಲೇ ಸಿಕ್ಕಿತು ಅಂತ ಬರೆದು ಹೋಗುತ್ತಾರೆ.

ನಮ್ಮ ಗಾಡಿಗೆ ಹೀಗೆ ಆಯಿತು. ಬಂದವರು ಚಿಕ್ಕ ವಯಸ್ಸಿನ ಇಂಜಿನಿಯರ್. ನನ್ನ ಅಳತೆಯ ಪಟ್ಟಿ ನೋಡಿ ಮೊದಲು ನಕ್ಕರು. ಆಮೇಲೆ ತಮ್ಮ ಗಡಿಯಾರ ಹಿಡಿದು ತಾವೇ ಅರ್ಧ ಗಂಟೆ ನಿಂತರು. ಲಿಫ್ಟ್ ನನ್ನ ಪಟ್ಟಿಯ ಹಾಗೇ ಇಳಿಯಿತು. ಹಿಂದಿನ ಸಲ ಶೋರೂಮಿನಲ್ಲಿ ಸೀಲ್ ಮಾತ್ರ ಬದಲಿಸಿದ್ದರು. ಬಿಚ್ಚಿದರೆ ಲಿಫ್ಟ್ ಸಿಲಿಂಡರಿನ ಒಳಗೋಡೆಯಲ್ಲೇ ಗೀರು ಬಿದ್ದಿತ್ತು. ಹೊಸ ಸೀಲ್ ಹಾಕಿದಷ್ಟು ಸಲವೂ ಅದು ಕತ್ತರಿಸುತ್ತಿತ್ತು. ಸಿಲಿಂಡರ್ ಬಂತು, ವಾರಂಟಿಯಲ್ಲೇ ಕೂತಿತು.

ಹೋಗುವ ಮುಂಚೆ ತಪಾಸಣೆಯ ವರದಿಯ ಪ್ರತಿ ಕೇಳಿ. ಕೊಡಲ್ಲ ಅಂದರೆ, ಅವರು ಬಂದು ಏನು ನೋಡಿದರು, ಏನು ಹೇಳಿದರು ಅಂತ ಅದೇ ದಿನ ಕಂಪನಿಗೆ ಇಮೇಲ್ ಹಾಕಿ. ಉತ್ತರ ಬರದಿದ್ದರೂ ನಿಮ್ಮ ಮಾತು ದಾಖಲಾಯಿತು.

## ಹಂತ 8: ನೋಟಿಸ್ ಮತ್ತು 1915

ಇಂಜಿನಿಯರ್ ಬರಲಿಲ್ಲ, ಅಥವಾ ಬಂದೂ ಆಗಲಿಲ್ಲ. ಈಗ ಡೀಲರ್ ಮತ್ತು ಕಂಪನಿ ಇಬ್ಬರಿಗೂ ಪತ್ರ ಬರೆಯಿರಿ. ವಕೀಲರೇ ಬರೆಯಬೇಕು ಅಂತಿಲ್ಲ. 15 ದಿನದಲ್ಲಿ ಸರಿ ಮಾಡಿಕೊಡಿ, ಇಲ್ಲದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ ಅಂತ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ತಲುಪಿದ ದಾಖಲೆ ಇಟ್ಟುಕೊಳ್ಳಿ.

ಅದೇ ವಾರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದು ಕೋರ್ಟ್ ಅಲ್ಲ, ಆದೇಶ ಕೊಡಲ್ಲ. ನಿಮ್ಮ ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ಕೇಳುತ್ತದೆ, ಅಷ್ಟೇ. ಆದರೂ ಎಷ್ಟೋ ದೂರುಗಳಿಗೆ ಅಷ್ಟೇ ಸಾಕಾಗುತ್ತದೆ.

ಬ್ಯಾಂಕಿನ ಕಂತು ನಿಲ್ಲಿಸಬೇಡಿ. ಗಾಡಿ ಕೆಟ್ಟದ್ದಕ್ಕೂ ಸಾಲಕ್ಕೂ ಬ್ಯಾಂಕಿನವರ ಲೆಕ್ಕದಲ್ಲಿ ಸಂಬಂಧ ಇಲ್ಲ. ಕಂತು ನಿಂತರೆ ಗಾಡಿಯನ್ನೇ ಎಳೆದುಕೊಂಡು ಹೋಗುತ್ತಾರೆ, ಆಮೇಲೆ ತಪಾಸಣೆ ಮಾಡಿಸಲು ಗಾಡಿಯೇ ಇರಲ್ಲ.

## ಹಂತ 9: ಜಿಲ್ಲಾ ಗ್ರಾಹಕ ಆಯೋಗ

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಗಾಡಿಯನ್ನು ಆದೋನಿಯಲ್ಲೋ ಹುಬ್ಬಳ್ಳಿಯಲ್ಲೋ ಕೊಂಡಿದ್ದರೂ ಅಲ್ಲಿಗೆ ಓಡಾಡಬೇಕಿಲ್ಲ. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗವೇ ನೋಡುತ್ತದೆ. ಶುಲ್ಕ 5 ಲಕ್ಷದವರೆಗೆ ಇಲ್ಲ, 5ರಿಂದ 10 ಲಕ್ಷಕ್ಕೆ 200 ರೂಪಾಯಿ, 10ರಿಂದ 20 ಲಕ್ಷಕ್ಕೆ 400 ರೂಪಾಯಿ. ಇ-ಜಾಗೃತಿ ಜಾಲತಾಣದಲ್ಲೂ ದೂರು ಸಲ್ಲಿಸಬಹುದು. ಗಡುವು, ತಕರಾರು ಹುಟ್ಟಿದ ದಿನದಿಂದ 2 ವರ್ಷ. "ನೋಡೋಣ, ನೋಡೋಣ" ಅನ್ನುತ್ತಲೇ ಈ 2 ವರ್ಷ ಕಳೆದುಬಿಡುತ್ತದೆ.

ವಕೀಲರನ್ನು ಇಡುವ ಶಕ್ತಿ ಇಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಗಾಡಿ ಮನೆಯಾಕೆಯ ಹೆಸರಿನಲ್ಲಿದ್ದರೆ ಇದು ನೆನಪಿರಲಿ.

ದೂರಿನಲ್ಲಿ ಎದುರಾಳಿಗಳು ಇಬ್ಬರು: ಡೀಲರ್ ಮತ್ತು ತಯಾರಕ ಕಂಪನಿ. ಒಬ್ಬರನ್ನು ಬಿಟ್ಟರೆ ಇರುವವರು ಇಲ್ಲದವರ ಕಡೆ ಬೆರಳು ತೋರಿಸುತ್ತಾರೆ.

ಎರಡು ಕಡೆ ಜನ ಎಡವುತ್ತಾರೆ. ಮೊದಲನೆಯದು, "ಇದು ವ್ಯಾಪಾರಕ್ಕೆ ಕೊಂಡ ಗಾಡಿ, ಇವರು ಗ್ರಾಹಕರೇ ಅಲ್ಲ" ಅನ್ನುವ ವಾದ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡಿದ್ದರೆ ಕಾಯ್ದೆ ನಿಮ್ಮನ್ನು ಗ್ರಾಹಕ ಅಂತಲೇ ನೋಡುತ್ತದೆ. ಆದ್ದರಿಂದ ನಿಮ್ಮ ಹೊಲ ಎಷ್ಟು ಎಕರೆ, ಗಾಡಿ ಯಾರು ಓಡಿಸುತ್ತಾರೆ ಅಂತ ದೂರಿನ ಮೊದಲ ಪ್ಯಾರಾದಲ್ಲೇ ಬರೆಯಿರಿ.

ಎರಡನೆಯದು ಬೇಡಿಕೆ. ಎಲ್ಲರೂ "ಹೊಸ ಗಾಡಿ ಕೊಡಿಸಿ" ಅಂತ ಮಾತ್ರ ಕೇಳುತ್ತಾರೆ. 2006ರಲ್ಲಿ ಒಂದು ಕಾರಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಬೇರೆ. ವಾರಂಟಿಯಲ್ಲಿ ಕೆಟ್ಟ ಭಾಗ ಬದಲಿಸಿಕೊಡುತ್ತೇವೆ ಅಂತ ಇದ್ದರೆ ಇಡೀ ಗಾಡಿ ಬದಲಿಸಿ ಅನ್ನಲು ಆಗಲ್ಲ ಅಂತ. ತಯಾರಿಕೆಯಲ್ಲೇ ದೋಷ ಇದೆ ಅಂತ ತೋರಿಸಲಾಗದಿದ್ದರೆ ಇಡೀ ಗಾಡಿಯ ಬೇಡಿಕೆ ಬಿದ್ದುಹೋಗುತ್ತದೆ. ಹಾಗಾಗಿ ಸಾಲಾಗಿ ಕೇಳಿ. ದೋಷದ ಭಾಗ ಪೂರ್ತಿ ಬದಲಿಸಬೇಕು, ಆ ಭಾಗಕ್ಕೆ ವಾರಂಟಿ ಮುಂದುವರಿಸಬೇಕು, ಬಾಡಿಗೆ ಗಾಡಿಯ ಖರ್ಚು ಮತ್ತು ಪರಿಹಾರ ಕೊಡಬೇಕು, ಇದಾವುದೂ ಆಗದಿದ್ದರೆ ಬದಲಿ ಗಾಡಿ ಅಥವಾ ಹಣ ವಾಪಸ್.

ದೋಷ ಬರೀ ಕಣ್ಣಿಗೆ ಕಾಣುವಂಥದ್ದಲ್ಲದಿದ್ದರೆ ಪರಿಣತರಿಂದ ತಪಾಸಣೆ ಮಾಡಿಸಿ ಅಂತ ಆಯೋಗಕ್ಕೆ ಅರ್ಜಿ ಕೊಡಿ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಇಂಜಿನಿಯರಿಂಗ್ ಕಾಲೇಜೇ ಇದೆ, ಅಲ್ಲಿನ ಪರಿಣತರನ್ನು ನೇಮಿಸಲು ಕೇಳಿಕೊಳ್ಳಬಹುದು. ತಪಾಸಣೆ ಆಗುವವರೆಗೆ ಗಾಡಿಯ ಆ ಭಾಗವನ್ನು ಯಾರೂ ಮುಟ್ಟಬಾರದು.

ನೋಟಿಸ್ ತಲುಪಿದ ಮೇಲೆ ಎದುರಾಳಿಗಳಿಗೆ ಉತ್ತರ ಕೊಡಲು 30 ದಿನ, ಜಾಸ್ತಿ ಅಂದರೆ ಇನ್ನೂ 15 ದಿನ. ಬಹಳ ಸಲ ಕಂಪನಿಯಿಂದ ಫೋನ್ ಬರುವುದು ಈ ದಿನಗಳಲ್ಲೇ. "ಬರ್ರಿ ಅಣ್ಣಾರ, ಕೂತು ಮಾತಾಡಿ ಮುಗಿಸೋಣ." ಹೋಗಿ, ತಪ್ಪೇನಿಲ್ಲ. ಯಾವ ಸಾಮಾನು ಬದಲಿಸುತ್ತಾರೆ, ಯಾವ ದಿನದೊಳಗೆ, ಅದಕ್ಕೆ ಎಷ್ಟು ಗಂಟೆಯ ವಾರಂಟಿ ಅಂತ ಕಂಪನಿಯ ಸೀಲಿನ ಕಾಗದದಲ್ಲಿ ಬರೆಸಿಕೊಳ್ಳಿ. ಆ ಕಾಗದದ ಕೊನೆಯಲ್ಲಿ "ಇನ್ನು ಮುಂದೆ ಯಾವ ತಕರಾರೂ ಇಲ್ಲ" ಅನ್ನುವ ಸಾಲು ಇದ್ದೇ ಇರುತ್ತದೆ. ಅದರ ಕೆಳಗೆ ಸಹಿ ಹಾಕುವುದು ಗಾಡಿ ಹೊಲದಲ್ಲಿ 50 ಗಂಟೆ ಓಡಿದ ಮೇಲೆ. ದೂರು ವಾಪಸ್ ತಗೊಳ್ಳುವುದೂ ಆಮೇಲೆಯೇ.